ಅತಿಥಿಯ ಕಣ್ಣೀರು, ಒಂದು ಚೂರು ಬೆಲ್ಲ

“ಗುರುಗಳೇ, ಹೊರದೇಶದ ಮಂತ್ರಿಯೊಬ್ಬರು ನಿನ್ನೆ ಆಡಿದ ಮಾತು ಒಂದೇ. ಈ ಪತ್ರಿಕೆ ಅದನ್ನು ಹೊಗಳಿಕೆ ಎನ್ನುತ್ತದೆ, ಆ ಪತ್ರಿಕೆ ಚುಚ್ಚುಮಾತು ಎನ್ನುತ್ತದೆ. ನಾನು ಯಾವುದನ್ನು ನಂಬಲಿ?”

ಹೀಗೆ ಕೇಳಿದ ಶಿಷ್ಯನ ಕೈಯಲ್ಲಿ ಎರಡೂ ಪತ್ರಿಕೆಗಳಿದ್ದವು. ಇದೇ ವಿಷಯಕ್ಕೆ ಅವನು ಬೆಳಿಗ್ಗೆ ಜೊತೆಯವನೊಡನೆ ವಾದ ಮಾಡಿದ್ದ. ಜೊತೆಯವನು ಉಣ್ಣದೆ ಎದ್ದು ಹೋಗಿದ್ದ. ಗುರುಗಳು ಪತ್ರಿಕೆಗಳನ್ನು ಮುಟ್ಟಲಿಲ್ಲ. ಒಂದು ಕತೆ ಹೇಳಿದರು.

ಒಂದು ಊರಿನ ಬಸ್ ನಿಲ್ದಾಣದ ಬಳಿ ಒಬ್ಬಳು ಹೆಂಗಸು ತಳ್ಳುಗಾಡಿಯಲ್ಲಿ ಮೆಣಸಿನಕಾಯಿ ಬಜ್ಜಿ ಮಾರುತ್ತಿದ್ದಳು. ಹದಿನೆಂಟು ವರ್ಷದಿಂದ ಅದೇ ಜಾಗ, ಅದೇ ಬಾಣಲೆ. ಅವಳ ಬಜ್ಜಿಯ ಹೆಸರು ಸುತ್ತಲಿನ ಊರುಗಳಿಗೂ ಗೊತ್ತಿತ್ತು.

ಒಂದು ದಿನ ಆ ಊರಿಗೆ ಹೊರದೇಶದ ಮಂತ್ರಿ ಬರುವುದೆಂದಾಯಿತು. ಊರಿನ ಹೆಸರುವಾಸಿ ತಿಂಡಿಯನ್ನೇ ವೇದಿಕೆಯ ಮೇಲೆ ಬಡಿಸಬೇಕೆಂದು ನಗರಸಭೆಯ ಅಧ್ಯಕ್ಷರು ಅವಳನ್ನು ಕರೆಸಿದರು. ಅತಿಥಿಗೆ ಖಾರ ತಾಗಕೂಡದು, ತಾಗಿದರೆ ಮರುದಿನ ಗಾಡಿ ಆ ಜಾಗದಲ್ಲಿರುವುದಿಲ್ಲ ಎಂದೂ ಹೇಳಿದರು. ಅವಳು ಹೆದರಿದಳು. ಅತಿಥಿಗೆಂದು ನಾಲ್ಕು ಕಾಯಿ ಆರಿಸಿ, ಸೀಳಿ, ಒಂದು ಬೀಜವೂ ಉಳಿಯದಂತೆ ತೆಗೆದು, ಮಜ್ಜಿಗೆಯಲ್ಲಿ ನೆನೆಸಿ ಬೇರೆಯಾಗಿ ಕರಿದಳು. ಆ ತಟ್ಟೆಯನ್ನು ತಾನೇ ಕೈಯಾರೆ ಮಂತ್ರಿಯ ಮುಂದಿಟ್ಟಳು.

ಮಂತ್ರಿ ಒಂದನ್ನು ತಿಂದು, ಇಷ್ಟು ರುಚಿಯಾದದ್ದನ್ನು ತಾನು ಎಲ್ಲಿಯೂ ತಿಂದಿಲ್ಲ ಎಂದರು. ಹೋದ ಕಡೆಯೆಲ್ಲ ಹೇಳುವ ಉಪಚಾರದ ಮಾತು ಅದು. ಆದರೆ ಅಧ್ಯಕ್ಷರಿಗೆ ಹಿಗ್ಗು ತಡೆಯಲಾಗಲಿಲ್ಲ. ಆ ಊರಿನಲ್ಲಿ ಅತಿಥಿ ಚೆನ್ನಾಗಿದೆ ಎಂದ ಮೇಲೆ ಇನ್ನೊಂದನ್ನು ಬಡಿಸದೆ ಬಿಡುವ ರೂಢಿಯಿಲ್ಲ. ಸಾಕೆಂದು ಅಡ್ಡ ಹಿಡಿದ ಕೈಯನ್ನು ಸರಿಸಿ ಬಡಿಸಿದರೇ ಅದು ಮರ್ಯಾದೆ. ಅಧ್ಯಕ್ಷರು ತಮ್ಮ ತಟ್ಟೆಯಿಂದಲೇ ಒಂದು ಬಜ್ಜಿ ಎತ್ತಿ ಮಂತ್ರಿಯ ತಟ್ಟೆಗೆ ಹಾಕಿದರು. ಅದು ಊರಿನವರಿಗೆಂದು ಕರಿದದ್ದು.

ಮಂತ್ರಿ ಅದನ್ನೂ ತಿಂದು ಭಾಷಣಕ್ಕೆ ಎದ್ದರು. ಬಾಯಿ ತೆರೆದರೆ ಸ್ವರ ಹೊರಡಲಿಲ್ಲ. ಕಣ್ಣಿನಿಂದ ಧಾರೆಯಾಗಿ ನೀರು ಇಳಿಯಿತು. ಸಭೆ ಚಪ್ಪಾಳೆ ತಟ್ಟಿತು. ಪತ್ರಿಕೆಯವರು ಮುಂದೆ ನುಗ್ಗಿ ಚಿತ್ರ ತೆಗೆದರು. ದುಭಾಷಿ ಏನನ್ನು ಅನುವಾದಿಸಬೇಕೆಂದು ತಿಳಿಯದೆ ನಿಂತಿದ್ದ.

ವೇದಿಕೆಯ ಪಕ್ಕದಲ್ಲಿದ್ದ ಹೆಂಗಸು ಮಂತ್ರಿಯ ಕಿವಿ ನೋಡಿದಳು. ಕೆಂಪಾಗಿತ್ತು. ಹದಿನೆಂಟು ವರ್ಷದಲ್ಲಿ ಅವಳು ಅಂಥ ಕಿವಿಗಳನ್ನು ಎಷ್ಟೋ ಕಂಡಿದ್ದಳು. ಈಗ ಮುಂದೆ ಹೋದರೆ ಖಾರ ತಾಗಿದ್ದು ಎಲ್ಲರಿಗೂ ತಿಳಿಯುತ್ತದೆ, ಗಾಡಿ ಹೋಗುತ್ತದೆ. ಸುಮ್ಮನಿದ್ದರೆ ಯಾರಿಗೂ ತಿಳಿಯುವುದಿಲ್ಲ. ಅವಳು ಡಬ್ಬಿಗಳ ನಡುವೆ ತಡಕಾಡಿ ಒಂದು ಚೂರು ಬೆಲ್ಲ ತೆಗೆದಳು. ಅಧ್ಯಕ್ಷರು ಕೆಂಗಣ್ಣು ಬಿಡುತ್ತಿದ್ದಂತೆಯೇ ವೇದಿಕೆ ಹತ್ತಿ, ಅದನ್ನು ಮಂತ್ರಿಯ ಅಂಗೈಯಲ್ಲಿಟ್ಟಳು.

“ಬಾಯಾಗ ಇಟ್ಕಳಪ್ಪ. ಕಡೀಬ್ಯಾಡ,” ಎಂದಳು.

ಮಂತ್ರಿಗೆ ಭಾಷೆ ತಿಳಿಯದಿದ್ದರೂ ವಿಷಯ ತಿಳಿಯಿತು. ಬೆಲ್ಲ ಕರಗಿದ ಮೇಲೆ ಅವರಿಗೆ ಸ್ವರ ಬಂತು. ಈ ಊರು ತನಗೆ ಕೊಟ್ಟದ್ದನ್ನು ಎಂದೂ ಮರೆಯುವುದಿಲ್ಲ ಎಂದು ಒಂದೇ ಮಾತು ಹೇಳಿ, ಅವಳಿಗೆ ಕೈಮುಗಿದು ಹೊರಟರು.

ಮರುದಿನ ಬೆಳಿಗ್ಗೆ ಅವಳು ಗಾಡಿ ತಳ್ಳಿಕೊಂಡು ಬರುವಾಗ ಇದೇ ಕೊನೆಯ ದಿನ ಎಂದುಕೊಂಡೇ ಬಂದಳು. ನಿಲ್ದಾಣದಲ್ಲಿ ಇಬ್ಬರು ಎರಡು ಪತ್ರಿಕೆ ಹಿಡಿದು ಕೂಗಾಡುತ್ತಿದ್ದರು. ಮಂತ್ರಿಯ ಕಣ್ಣೀರು ಎರಡು ದೇಶಗಳ ಸ್ನೇಹದ ಕಣ್ಣೀರು, ಇನ್ನು ಆ ದೇಶಕ್ಕೆ ಹೋಗುವ ನಮ್ಮ ಹತ್ತಿಗೆ ಒಳ್ಳೆಯ ಕಾಲ ಎಂದು ಒಂದು ಪತ್ರಿಕೆ ಬರೆದಿತ್ತು. ನಮ್ಮ ಹತ್ತಿಯನ್ನು ಎರಡು ವರ್ಷ ತಡೆದು ನಿಲ್ಲಿಸಿದ್ದಕ್ಕೆ ಪಶ್ಚಾತ್ತಾಪದ ಕಣ್ಣೀರು ಎಂದು ಇನ್ನೊಂದು ಬರೆದಿತ್ತು. ಬೆಲ್ಲದ ವಿಷಯ ಒಂದರಲ್ಲಿ ಸಾಂಪ್ರದಾಯಿಕ ಸ್ವಾಗತವಾಗಿತ್ತು, ಇನ್ನೊಂದರಲ್ಲಿ ಭದ್ರತಾ ಲೋಪವಾಗಿತ್ತು.

ಅಷ್ಟರಲ್ಲಿ ಅಧ್ಯಕ್ಷರೇ ಬಂದರು. ಅವರ ಕೈಯಲ್ಲಿದ್ದದ್ದು ಸ್ವಾಗತದ ಪತ್ರಿಕೆ. ಮುಖ ಅರಳಿತ್ತು.

“ಏನಮ್ಮ, ಬೆಲ್ಲ ಕೊಡು ಅಂತ ಹೇಳಿದ್ದು ನಾನೇ ಅಲ್ಲವೇ?” ಎಂದು ನಾಲ್ಕು ಜನಕ್ಕೆ ಕೇಳುವಂತೆ ಕೇಳಿದರು.

“ಹೌದು ಸ್ವಾಮಿ,” ಎಂದಳು ಅವಳು. “ಮೆಣಸಿನಕಾಯಿ ಕೊಟ್ಟವರೂ ತಾವೇ.”

ಅಧ್ಯಕ್ಷರು ಹೊಟ್ಟೆ ಹಿಡಿದು ನಕ್ಕರು. ಗಾಡಿಯ ಮಾತು ಎತ್ತಲಿಲ್ಲ. ಎರಡು ಬಜ್ಜಿ ತಿಂದು, ಕಣ್ಣು ಒರೆಸಿಕೊಂಡು ಹೋದರು.

ವಾದ ಮಾಡುತ್ತಿದ್ದ ಇಬ್ಬರೂ ಅವಳ ಹತ್ತಿರ ಬಂದು, ನೀನು ಪಕ್ಕದಲ್ಲೇ ಇದ್ದೆಯಲ್ಲ, ಆತ ಅತ್ತದ್ದು ಯಾಕೆ ಎಂದು ಕೇಳಿದರು. ಖಾರ ಹತ್ತಿತ್ತು ಎಂದು ಅವಳು ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಇಬ್ಬರೂ ಅದನ್ನು ತಮಾಷೆ ಎಂದುಕೊಂಡು ಒಟ್ಟಿಗೆ ನಕ್ಕರು. ನಗುತ್ತಲೇ ಬಜ್ಜಿ ಕೊಂಡರು, ತಿನ್ನುತ್ತಲೇ ಮತ್ತೆ ವಾದಕ್ಕೆ ಇಳಿದರು. ಮಧ್ಯಾಹ್ನದ ಹೊತ್ತಿಗೆ ಅವಳು ಅವರು ಬಿಟ್ಟುಹೋದ ಎರಡೂ ಪತ್ರಿಕೆಗಳನ್ನು ಹರಿದು ಬಜ್ಜಿ ಕಟ್ಟಿ ಕೊಡುತ್ತಿದ್ದಳು. ಎರಡೂ ಎಣ್ಣೆಯನ್ನು ಒಂದೇ ಸಮ ಹೀರುತ್ತಿದ್ದವು.

ಗುರುಗಳು ಅಲ್ಲಿಗೆ ಕತೆ ನಿಲ್ಲಿಸಿದರು. ಶಿಷ್ಯ ನಗುತ್ತಿದ್ದ.

“ಹಾಗಾದರೆ ಎರಡು ಪತ್ರಿಕೆಯೂ ಸುಳ್ಳೇ, ಗುರುಗಳೇ? ಮತ್ತೆ ಯಾರನ್ನು ನಂಬಬೇಕು?”

ಗುರುಗಳು ಅಡುಗೆಮನೆಯ ಕಡೆ ನೋಡಿದರು. ಅಲ್ಲಿ ಜೊತೆಯವನ ತಟ್ಟೆ ಮುಚ್ಚಿಟ್ಟ ಹಾಗೆಯೇ ಇತ್ತು.

“ಆ ಕಣ್ಣೀರಿಗೆ ಊರೆಲ್ಲ ಅರ್ಥ ಹುಡುಕಿತು, ಮಗು, ಅವಳೊಬ್ಬಳು ಬೆಲ್ಲ ಹುಡುಕಿದಳು.”

ಶಿಷ್ಯ ಪತ್ರಿಕೆಗಳನ್ನು ಕೆಳಗಿಟ್ಟು, ಆ ತಟ್ಟೆ ಎತ್ತಿಕೊಂಡು ಜೊತೆಯವನನ್ನು ಹುಡುಕಿ ಹೊರಟ.