ನಿಂಬವ್ವ ಬಾಯಿಬಿಟ್ಟ ದಿನ

ಪ್ಲೇಗಿನ ಕಾಲ. ಯಾರ ಮನೆಯಲ್ಲಿ ಇಲಿ ಸತ್ತು ಬಿದ್ದರೂ ಚಾವಡಿಗೆ ತಿಳಿಸಬೇಕು. ತಿಳಿಸಿದೊಡನೆ ಊರಿಗೆ ಊರೇ ಮನೆ ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಬೇಕು. ಹಾಗೆ ಬಯಲಿಗೆ ಬಿದ್ದ ಮಡ್ಲೂರಿನ ಜನರ ನಡುವೆ, ಜೋಳದ ದಂಟಿನ ಗುಡಿಸಲೊಂದರಲ್ಲಿ ಪೂಜ್ಯ ಗುರುಸಿದ್ಧಮ್ಮನವರೂ ವಾಸವಾಗಿದ್ದರು. ಮಠ ಬಿಟ್ಟು ಬಂದು ರೋಗಿಗಳ ಬಟ್ಟೆ ಕುದಿಸುವ ಕೆಲಸ ಹಿಡಿದಿದ್ದರು. ಪವಾಡ ಬೇಡಿ ಬಂದವರ ಕೈಗೆ ಕೊಡ ಕೊಟ್ಟು ನೀರಿಗೆ ಅಟ್ಟುತ್ತಿದ್ದರು.

ಒಂದು ಬೆಳಿಗ್ಗೆ ಶಾಲೆಯ ಮಾಸ್ತರ ವೀರಭದ್ರಪ್ಪನವರು ಎಂಟು ವರ್ಷದ ಮಗಳು ನಿಂಬವ್ವನನ್ನು ಕರೆತಂದರು. ಸಾಧುಸಂತರೆಂದರೆ ಮೂಗು ಮುರಿಯುವ ಮನುಷ್ಯ; ಹೆತ್ತ ತಾಯಿಯ ಕಾಟ ತಡೆಯಲಾರದೆ ಬಂದಿದ್ದರು. ಪ್ಲೇಗು ಅವರ ಹೆಂಡತಿಯನ್ನು ಒಯ್ದಿತ್ತು. ಮಗಳಿಗೂ ಬಂದು ವಾಸಿಯಾಗಿತ್ತು. ಆದರೆ ತಾಯಿ ತೀರಿದಂದಿನಿಂದ ಹುಡುಗಿ ಮಾತು ಬಿಟ್ಟಿದ್ದಳು, ಈಗ ಊಟವನ್ನೂ ಬಿಟ್ಟಿದ್ದಳು.

“ಜಡ್ಡು ಹೋಗೇತಿ ಅಂತಾರ ಡಾಕ್ಟರು. ದೆವ್ವ ಬಡದೈತಿ ಅಂತಾಳ ನಮ್ಮವ್ವ. ನೀವೇನಂತೀರಿ?” ಮಾಸ್ತರರ ದನಿಯಲ್ಲಿ ವ್ಯಂಗ್ಯವಿತ್ತು.

ಗುರುಸಿದ್ಧಮ್ಮನವರು ಹುಡುಗಿಯ ಮುಂದೆ ಹಸಿಮಣ್ಣಿನ ಮುದ್ದೆಯಿಟ್ಟು ತಮ್ಮ ಪಾಡಿಗೆ ಬಟ್ಟೆ ಹಿಂಡತೊಡಗಿದರು. ನಿಂಬವ್ವ ಒಂದು ಮನೆ ಮಾಡಿದಳು. ಒಂದು ಇಲಿ ಮಾಡಿ ಒಳಗಿಟ್ಟಳು. ಥಟ್ಟನೆ ಅದರ ಮೇಲೆ ಮಣ್ಣು ಮುಚ್ಚಿ ಎರಡೂ ಕೈಯಿಂದ ಅದುಮಿ ಹಿಡಿದಳು.

“ಇಲಿ ನೀ ನೋಡಿದ್ದೇನವ್ವಾ?” ಎಂದು ಅಮ್ಮನವರು ಕೇಳಿದರು.

ಹುಡುಗಿ ಮಣ್ಣಿನ ಮೇಲಿಂದ ಕೈ ತೆಗೆಯದೆಯೇ ಬಾಯಿಬಿಟ್ಟಳು. “ನೋಡಿದ್ದೆ. ಕಣಜದ ಹಿಂದ ಬಿದ್ದಿತ್ತು. ಮನಿ ಬಿಡಬೇಕಾಕ್ಕೈತಂತ ಯಾರಿಗೂ ಹೇಳ್ಲಿಲ್ಲ. ಅವ್ವನ್ನ ನಾನ ಕೊಂದೆ.”

ಎಂಟು ವರ್ಷದ ಎದೆಯೊಳಗೆ ಇಂಥ ಮಾತು! ಬರೆಯುವಾಗ ಈಗಲೂ ನನಗೆ ಕಣ್ಣು ತುಂಬುತ್ತದೆ.

ಮಾಸ್ತರರ ಮುಖ ಬಿಳಿಚಿಕೊಂಡಿತ್ತು. ಅಮ್ಮನವರು ಅವರನ್ನೇ ನೋಡಿ, “ಮಾಸ್ತರ, ನಿಮಗ ಗೊತ್ತಿದ್ದದ್ದನ್ನ ಕೂಸಿಗೆ ಹೇಳ್ರಿ” ಎಂದರು.

ಅವರಿಗೆ ಹೇಗೆ ತಿಳಿಯಿತೋ ಗುರುವೇ ಬಲ್ಲ. ಮಾಸ್ತರರು ಮಗಳೆದುರು ಕುಸಿದು ಕುಳಿತರು. “ನಾನೂ ಎರಡು ಇಲಿ ನೋಡಿದ್ದೆ ಮಗಳ. ಸಾಲಿ ತಪಾಸಣಿಗೆ ಸಾಹೇಬರು ಬರಾವರಿದ್ರು, ಅದು ಮುಗೀಲಿ ಅಂತ ತಿಪ್ಪಿಗೆ ಒಗದು ಸುಮ್ಮನಾದೆ. ದೊಡ್ಡಾವ ನಾನು. ಹೇಳಬೇಕಾದಾವ ನಾನು. ನಿಂದೇನೂ ತಪ್ಪಿಲ್ಲ.”

ನಿಂಬವ್ವ ಬಹಳ ಹೊತ್ತು ಅಪ್ಪನ ಮುಖ ನೋಡಿದಳು. ಆಮೇಲೆ ಬಿಕ್ಕಿ ಬಿಕ್ಕಿ ಅತ್ತಳು. ತಾಯಿ ಸತ್ತ ಮೇಲೆ ಅವಳು ಅತ್ತದ್ದು ಅದೇ ಮೊದಲು.

ಮಾಸ್ತರರು ಅಮ್ಮನವರ ಪಾದಕ್ಕೆ ಬಾಗಿದರು. ಅಮ್ಮನವರು ಕಾಲು ಹಿಂದಕ್ಕೆಳೆದುಕೊಂಡರು. “ನಮಸ್ಕಾರ ಆಮ್ಯಾಲ. ಕೂಸು ಅಳಾಕತ್ತೈತಿ, ಎತ್ಗೋರಿ.”

ಅಂದೇ ಮಾಸ್ತರರು ಮಗಳನ್ನು ಎತ್ತಿಕೊಂಡು ಊರವರ ಮುಂದೆ ನಿಂತು ತಮ್ಮ ತಪ್ಪನ್ನು ಒಪ್ಪಿಕೊಂಡರು. ಯಾರೂ ಬೈಯಲಿಲ್ಲ. ಸ್ವಲ್ಪ ಹೊತ್ತಿಗೆ ಒಬ್ಬ ಮುದುಕ ಎದ್ದು, “ನಾನೂ ಮುಚ್ಚಿಟ್ಟಿದ್ದೆ” ಎಂದ. ಆಮೇಲೆ ಒಬ್ಬ ಹೆಂಗಸು. ಆಮೇಲೆ ಗೌಡರೇ ಎದ್ದರು. ನಿಂಬವ್ವ ಅಪ್ಪನ ಹೆಗಲ ಮೇಲಿಂದ ಒಬ್ಬೊಬ್ಬರ ಮುಖವನ್ನೂ ನೋಡುತ್ತಿದ್ದಳು.