ಆ ಐದು ರೊಟ್ಟಿ ಬಡಿದವಳು

ಮಲಪ್ರಭೆಯ ದಂಡೆಯ ಮೇಲೆ ಒಂದು ಮಿಷನ್ ಪ್ರಾಥಮಿಕ ಶಾಲೆ. ಐದು ಕೋಣೆ, ಉದ್ದನೆಯ ಪಡಸಾಲೆ, ಅಂಗಳದಲ್ಲೊಂದು ಬೇವಿನ ಮರ.

ಅಲ್ಲಿ ರಾಹೇಲಮ್ಮ ಎಂಬ ಹಿರಿಯ ಶಿಕ್ಷಕಿ ಇದ್ದರು. ಶಾಲೆಯ ಹೊಣೆ ಅವರದೇ. ಕಲಿಸುವ ಹೆಂಗಸರನ್ನು ಆ ಸೀಮೆಯಲ್ಲಿ ಅಕ್ಕೋರು ಅನ್ನುತ್ತಾರೆ. ರಾಹೇಲಮ್ಮನವರು ಊರಿಗೆಲ್ಲ ದೊಡ್ಡಕ್ಕೋರು.

ಜೂನ್ ತಿಂಗಳಲ್ಲಿ ಜಯಶೀಲಾ ಹೊಸದಾಗಿ ಕೆಲಸಕ್ಕೆ ಬಂದಳು. ಇಪ್ಪತ್ತಮೂರು ವರ್ಷ. ಹುಬ್ಬಳ್ಳಿಯ ಹಾಸ್ಟೆಲಿನಲ್ಲೇ ಬೆಳೆದು, ಅಲ್ಲೇ ಓದಿದವಳು.

ಮೊದಲ ದಿನ ಅವಳು ಕೇಳಿದಳು: "ದೊಡ್ಡಕ್ಕೋರ, ಮಕ್ಕಳಿಗೆ ಕಲಿಸೋದು ಹೆಂಗ ಅಂತ ನನಗ ಹೇಳಿಕೊಡ್ರಿ."

"ನನಗೂ ಇನ್ನ ಪೂರ್ತಿ ಬಂದಿಲ್ಲ. ಮೂರನೇ ಕ್ಲಾಸು ತಗೋ. ನೋಡೂಣು."

ಜಯಶೀಲಾ ಮೂರನೇ ತರಗತಿ ತೆಗೆದುಕೊಂಡಳು.

ಬೆಳಿಗ್ಗೆ ಗಂಟೆ ಬಾರಿಸಿದರೆ ಪ್ರಾರ್ಥನೆ, ಒಂದು ಹಾಡು, ಆಮೇಲೆ ಕತೆಯ ಅವಧಿ. ಎಲ್ಲ ಜಾತಿ-ಧರ್ಮದ ಮನೆಗಳ ಮಕ್ಕಳೂ ಕೂಡುತ್ತಿದ್ದರು. ಕತೆ ಎಲ್ಲರಿಗೂ ಬೇಕಾಗಿತ್ತು.

ಆವತ್ತು ಜಯಶೀಲಾ ಐದು ರೊಟ್ಟಿ, ಎರಡು ಮೀನಿನ ಕತೆ ಹೇಳಿದಳು. ಯೇಸುಸ್ವಾಮಿಯ ಮಾತು ಕೇಳಲು ಐದು ಸಾವಿರ ಜನ ಸೇರಿದ್ದರು. ಹೊತ್ತು ಇಳಿಯಿತು, ಜನಕ್ಕೆ ಹಸಿವಾಯಿತು. ಒಬ್ಬ ಹುಡುಗನ ಬುತ್ತಿಯಲ್ಲಿ ಐದು ರೊಟ್ಟಿ, ಎರಡು ಮೀನು ಇದ್ದವು. ಅವನು ಕೊಟ್ಟ. ಸ್ವಾಮಿ ಅದನ್ನೇ ಮುರಿದು ಹಂಚಿದ. ಎಲ್ಲರೂ ಹೊಟ್ಟೆ ತುಂಬ ಉಂಡರು. ಹನ್ನೆರಡು ಬುಟ್ಟಿ ಉಳಿಯಿತು.

ಚೆನ್ನಾಗಿ ಹೇಳಿದಳು. ಮಕ್ಕಳು ಅಲ್ಲಾಡದೆ ಕೇಳಿದರು.

ಕಿಟಕಿಯ ಪಕ್ಕ ಸಾವಂತ್ರಿ ಕೂತಿದ್ದಳು. ಎಂಟು ವರ್ಷದ ಹುಡುಗಿ. ಅವಳು ಎದ್ದು ನಿಂತಳು.

"ಅಕ್ಕೋರ, ಆ ರೊಟ್ಟಿ ಬಡದಾಕಿ ಯಾರ್ರಿ?"

ಮಕ್ಕಳು ನಕ್ಕರು.

"ಅದು ಪುಸ್ತಕದಾಗ ಇಲ್ಲ," ಅಂದಳು ಜಯಶೀಲಾ.

"ಯಾಕ ಇಲ್ರಿ?"

"ಇಲ್ಲ ಅಂದ್ರ ಇಲ್ಲ."

"ಹುಡುಗಂದು ಐತಿ, ಮೀನಿಂದು ಐತಿ, ಬುಟ್ಟೀದು ಸುದ್ದಾ ಐತಿ. ರೊಟ್ಟಿ ತಮ್ಮಷ್ಟಕ್ಕ ತಾವ ಆಗೂದಿಲ್ರಿ."

ನಗು ಜೋರಾಯಿತು. ಜಯಶೀಲಾಳ ಮುಖ ಬಿಸಿಯಾಯಿತು. ಉತ್ತರ ಅವಳಿಗೆ ಗೊತ್ತಿರಲಿಲ್ಲ. ಗೊತ್ತಿಲ್ಲ ಅನ್ನಲು ಬಾಯಿ ಬರಲಿಲ್ಲ.

"ಸಾವಂತ್ರಿ, ಕುಂದ್ರು. ಇನ್ನ ಮುಂದ ಪುಸ್ತಕದಾಗ ಇಲ್ಲದ್ದು ಕೇಳಬಾರದು."

ಸಾವಂತ್ರಿ ಕೂತಳು.

ಮರುದಿನ ಅವಳು ಏನೂ ಕೇಳಲಿಲ್ಲ. ಅದರ ಮರುದಿನವೂ ಕೇಳಲಿಲ್ಲ. ಆಮೇಲೆ ಶಾಲೆಗೇ ಬರಲಿಲ್ಲ.

ಉಳಿದ ಮಕ್ಕಳೂ ಸುಮ್ಮನಾದರು. ಜಯಶೀಲಾ ಹೇಳಿದ್ದನ್ನು ಬರೆದುಕೊಂಡರು, ಕೇಳಿದರೆ ಒಪ್ಪಿಸಿದರು. ಕ್ಲಾಸು ಹಿಡಿತಕ್ಕೆ ಬಂತು ಅಂತ ಅವಳಿಗೆ ಸಮಾಧಾನವಾಯಿತು.

ಒಂದು ದಿನ ರಾಹೇಲಮ್ಮ ಪಡಸಾಲೆಯಲ್ಲಿ ಹೋಗುತ್ತಿದ್ದವರು ಮೂರನೇ ತರಗತಿಯ ಬಾಗಿಲಲ್ಲಿ ನಿಂತರು.

"ಭಾಳ ಶಾಂತ ಅದ ನಿನ್ನ ಕ್ಲಾಸು."

"ಹೌದ್ರಿ," ಅಂದಳು ಜಯಶೀಲಾ, ಹೆಮ್ಮೆಯಿಂದ.

"ಕಿಟಕಿ ಹತ್ರ ಯಾರು ಕೂಡತಿದ್ರು?"

"ಸಾವಂತ್ರಿರಿ. ನಾಲ್ಕು ದಿನ ಆತು ಬಂದಿಲ್ಲ."

"ಯಾಕ?"

"ಗೊತ್ತಿಲ್ರಿ."

"ಕಡೀಕ ಏನು ಮಾತಾಡಿದ್ಲು?"

ಜಯಶೀಲಾ ನಡೆದದ್ದನ್ನು ಹೇಳಿದಳು. ತಾನು ಅಂದದ್ದನ್ನೂ ಮುಚ್ಚಿಡಲಿಲ್ಲ.

ದೊಡ್ಡಕ್ಕೋರು ಬೈಯುತ್ತಾರೆ ಅಂದುಕೊಂಡಿದ್ದಳು. ಅವರು ಮೆಟ್ಟಿಲ ಮೇಲೆ ಕೂತುಬಿಟ್ಟರು.

"ಆ ರೊಟ್ಟಿ ಯಾರು ಬಡದಿರಬೇಕು?" ಅಂದರು.

"ನೀವೂ ಹಿಂಗಂದ್ರ ಹೆಂಗ್ರಿ?"

"ಎಷ್ಟು ಸಲ ಈ ಕತಿ ಹೇಳೇನಿ ನಾ. ಒಮ್ಮಿನೂ ತಲ್ಯಾಗ ಬರಲಿಲ್ಲ ನೋಡು. ಈಗ ಬಂತು, ತಡಕೊಳ್ಳಾಕ ಆಗವಲ್ದು."

 ಆಮೇಲೆ ಎದ್ದರು.

"ನಾಳಿಗೆ ಐದು ರೊಟ್ಟಿ ಬಡಕೊಂಡು ಬಾ. ಜೋಳದ್ದ ನಡೀತದ."

"ನನಗ ಬರೂದಿಲ್ರಿ. ಹಾಸ್ಟೆಲಿನ್ಯಾಗ ಚಪಾತಿ ಕೊಡತಿದ್ರು."

"ಬಡಕೊಂಡು ಬಾ."

ಜಯಶೀಲಾ ಹಿಟ್ಟು ತಂದಳು. ತಣ್ಣೀರು ಹಾಕಿ ಕಲಸಿದಳು. ಬಡಿಯಲು ಹೋದರೆ ಅಂಚು ಒಡೆಯಿತು. ಎತ್ತಲು ಹೋದರೆ ನಡುವೆ ಹರಿಯಿತು. ಹಂಚಿನ ಮೇಲೆ ಹಾಕಿದ್ದು ಹಪ್ಪಳದ ಹಾಗೆ ಗಡುಸಾಯಿತು.

ಮರುದಿನ ಮಧ್ಯಾಹ್ನ ಡಬ್ಬಿ ತೆರೆದಾಗ ಅದರಲ್ಲಿ ರೊಟ್ಟಿಗಿಂತ ಚೂರೇ ಹೆಚ್ಚಿದ್ದವು.

ರಾಹೇಲಮ್ಮ ಒಂದೊಂದೇ ಚೂರು ಎತ್ತಿ ಪಲ್ಯಕ್ಕೆ ಹಚ್ಚಿಕೊಂಡು ಪೂರ್ತಿ ತಿಂದರು. ನೀರು ಕುಡಿದರು.

"ಎಲ್ಲೆ ತಪ್ಪಿತು?"

"ತಿಳೀಲಿಲ್ರಿ."

"ತಿಳದಾರನ್ನ ಕೇಳು."

"ಯಾರನ್ನ ಕೇಳಲ್ರಿ?"

"ಕಿಟಕಿ ಹತ್ರ ಕೂಡತಿದ್ದಾಕಿನ್ನ."

ಸಂಜೆ ಜಯಶೀಲಾ ಸಾವಂತ್ರಿಯ ಮನೆ ಹುಡುಕಿಕೊಂಡು ಹೋದಳು. ಹೊಳೆಯ ಕಡೆಯ ಓಣಿಯ ಕೊನೆಯ ಮನೆ.

ಒಳಗೆ ಒಲೆ ಉರಿಯುತ್ತಿತ್ತು. ಒಲೆಯ ಮುಂದೆ ಮಣೆ ಹಾಕಿಕೊಂಡು ಸಾವಂತ್ರಿ ರೊಟ್ಟಿ ಬಡಿಯುತ್ತಿದ್ದಳು. ಪಕ್ಕದಲ್ಲಿ ಅವಳ ತಾಯಿ ಈರವ್ವ. ಬಲಗೈಗೆ ಮೊಣಕೈವರೆಗೆ ಬಟ್ಟೆ ಸುತ್ತಿತ್ತು.

ಈರವ್ವ ದಡಬಡಿಸಿ ಎದ್ದಳು. "ಬರ್ರಿ ಅಕ್ಕೋರ. ಕುಂದರ್ರಿ."

"ಕೈಗೆ ಏನಾತ್ರಿ?"

"ಕುದಿಯೂ ನೀರು ಬಿತ್ರಿ. ಖಾನಾವಳಿಗೆ ದಿನಾ ಅರವತ್ತು ರೊಟ್ಟಿ ಮುಟ್ಟಿಸಬೇಕು. ಬಿಟ್ರ ಬ್ಯಾರೆಯವರಿಗೆ ಹೇಳ್ತಾರ. ಹುಡುಗಿನ್ನ ಕುಂದರಿಸೇನ್ರಿ. ಮುಂಜಾನೆ ಅರ್ಧ, ಸಂಜೀಕ ಅರ್ಧ."

ಸಾವಂತ್ರಿ ತಲೆ ಎತ್ತಲಿಲ್ಲ. ಅವಳ ಅಂಗೈ ಕೆಂಪಾಗಿತ್ತು.

ಈರವ್ವ ದನಿ ತಗ್ಗಿಸಿದಳು. "ಒಂದ ದಿನ ಸಾಲಿ ತಪ್ಪಿದ್ರ ಮೊದಲ ಬಿದ್ದು ಹೊರಳಾಡಿ ಅಳತಿದ್ಲು. ಈ ಸಲ ಅಳಲಿಲ್ರಿ. ಸುಮ್ಮನ ಬಂದು ಒಲಿ ಮುಂದ ಕುಂತ್ಲು. ನನ್ನ ಕೈಯಿ ನೋವಿಗಿಂತ ಅದ ನನಗ ಹೆಚ್ಚಿಂದು ಆಗೇತಿ."

ಜಯಶೀಲಾ ಸೀರೆಯ ಸೆರಗು ಸಿಕ್ಕಿಸಿಕೊಂಡು ಸಾವಂತ್ರಿಯ ಪಕ್ಕ ನೆಲದ ಮೇಲೆ ಕೂತಳು.

"ಸಾವಂತ್ರಿ, ನನಗ ರೊಟ್ಟಿ ಬರೂದಿಲ್ಲ. ಕಲಿಸ್ತೀ ಏನು?"

ಹುಡುಗಿ ತಾಯಿಯ ಮುಖ ನೋಡಿದಳು. ಆಮೇಲೆ ಹಿಟ್ಟಿನ ಬುಟ್ಟಿಯನ್ನು ನಡುವೆ ಸರಿಸಿದಳು.

"ಕುದಿಯೂ ನೀರು ಹಾಕಬೇಕ್ರಿ."

"ಯಾಕ?"

"ತಣ್ಣೀರಿಗೆ ಜಿಗಿ ಬರೂದಿಲ್ರಿ. ಒಡೀತೈತಿ."

"ಕೆಳಗ ಒಣ ಹಿಟ್ಟು ಯಾಕ?"

"ತಿರಗಬೇಕಲ್ರಿ ಅದು. ನೀವು ತಿರಗಸೂದಲ್ಲ, ಬಡದ್ರ ತಾನ ತಿರಗತೈತಿ."

"ಮ್ಯಾಲೆ ನೀರು ಯಾಕ ಸವರತಿ?"

"ಹಿಟ್ಟು ಉಳದ್ರ ಕಹಿ ಆಗತೈತ್ರಿ. ನೀರು ಆರೂದ್ರಾಗ ಹೊಳ್ಳಿಸಿ ಹಾಕಬೇಕು."

ಹುಡುಗಿ ರೊಟ್ಟಿಯನ್ನು ಕೆಂಡಕ್ಕೆ ಆನಿಸಿದಳು. ಅದು ನಿಧಾನಕ್ಕೆ ಉಬ್ಬಿತು.

"ಯಾಕ ಉಬ್ಬತೈತಿ ಅನ್ನೂದು ನನಗೂ ಗೊತ್ತಿಲ್ರಿ," ಅಂದಳು ಸಾವಂತ್ರಿ. ಕೇಳಬಾರದಿತ್ತೇನೋ ಅನ್ನುವ ಹಾಗೆ ತಟ್ಟನೆ ಬಾಯಿ ಮುಚ್ಚಿಕೊಂಡಳು.

"ಒಳಗಿನ ನೀರು ಆವಿ ಆಗ್ತದ. ಹೊರಗ ಬರಾಕ ದಾರಿ ಸಿಗೂದಿಲ್ಲ. ಅದಕ್ಕ ಮ್ಯಾಲಿನ ಪದರ ಎತ್ತತದ."

ಸಾವಂತ್ರಿ ಬಗ್ಗಿ ರೊಟ್ಟಿಯ ಅಂಚು ನೋಡಿದಳು. ಒಂದು ಸಣ್ಣ ತೂತಿನಿಂದ ಹೊಗೆಯಂಥದ್ದು ಬರುತ್ತಿತ್ತು.

"ಆವಿ ಅಂದ್ರ ಇದ ಏನ್ರಿ?"

"ಅದ."

ಆ ಸಂಜೆ ಜಯಶೀಲಾ ಏಳು ರೊಟ್ಟಿ ಬಡಿದಳು. ಒಂದೂ ದುಂಡಗಾಗಲಿಲ್ಲ. ಎತ್ತಲು ಬಂದದ್ದು ಎರಡು. ಸಾವಂತ್ರಿ ಆ ಎರಡನ್ನು ಬೇರೆ ಇಟ್ಟು, "ಇವು ಅಡ್ಡಿಯಿಲ್ರಿ," ಅಂದಳು.

ಮರುದಿನ ಜಯಶೀಲಾ ದೊಡ್ಡಕ್ಕೋರ ಮುಂದೆ ನಿಂತಳು. ಎಲ್ಲ ಹೇಳಿದಳು. 

"ಆಕಿ ಸಾಲಿಗೆ ಬರಬೇಕ್ರಿ. ಆದ್ರ ಬಾ ಅಂತ ಯಾವ ಬಾಯಿಲೆ ಹೇಳಲಿ? ಆಕಿ ಬಂದ್ರ ಅರವತ್ತು ರೊಟ್ಟಿ ಯಾರು ಬಡೀಬೇಕು?"

"ಮುಂಜಾನೆ ಎಷ್ಟಕ್ಕ ಒಲಿ ಹೊತ್ತಸ್ತಾರ?"

"ಐದೂವರಿಗೆ ಅಂದ್ಲು."

ರಾಹೇಲಮ್ಮ ಮತ್ತೇನೂ ಕೇಳದೆ ಐದನೇ ತರಗತಿಗೆ ಗಣಿತ ಹೇಳಲು ಹೋದರು.

ಮಾರನೆಯ ಬೆಳಿಗ್ಗೆ ಜಯಶೀಲಾ ಓಣಿಯ ಕೊನೆಯ ಮನೆಗೆ ಹೋದಾಗ ಒಳಗಿನಿಂದ ರೊಟ್ಟಿ ಬಡಿಯುವ ಸಪ್ಪಳ ಕೇಳುತ್ತಿತ್ತು. ಎರಡೂ ಕೈಯ ಸಪ್ಪಳ, ಒಂದೇ ಲಯದಲ್ಲಿ.

ಒಲೆಯ ಮುಂದೆ ದೊಡ್ಡಕ್ಕೋರು ಕೂತಿದ್ದರು. ಕನ್ನಡಕದ ಮೇಲೆ ಹಿಟ್ಟು ಹಾರಿತ್ತು. ಪಕ್ಕದಲ್ಲಿ ಹತ್ತು ರೊಟ್ಟಿ, ಒಂದರ ಮೇಲೊಂದು.

ಈರವ್ವ ಕಣ್ಣಲ್ಲಿ ನೀರು ತುಂಬಿಕೊಂಡು ಬಾಗಿಲಲ್ಲಿ ನಿಂತಿದ್ದಳು. "ಬ್ಯಾಡ ಅಂದ್ರೂ ಕೇಳವಲ್ರು. ನಾಕು ಮಂದಿ ಏನಂದಾರು ನನಗ? ದೊಡ್ಡಕ್ಕೋರ ಕೈಲೆ ರೊಟ್ಟಿ ಬಡಸ್ಕೊಂಡ್ಲು ಅಂದಾರು."

"ರೊಟ್ಟಿ ಹೆಂಗ ಆಗ್ಯಾವ ಅದನ್ನ ಹೇಳು," ಅಂದರು ರಾಹೇಲಮ್ಮ.

ಈರವ್ವ ಒಂದನ್ನು ಎಡಗೈಯಲ್ಲಿ ಎತ್ತಿ ನೋಡಿದಳು. "ಸ್ವಲ್ಪ ದಪ್ಪ ಅದಾವ್ರಿ."

"ತೆಳ್ಳಗ ಮಾಡೂಣು. ಜಯಶೀಲಾ, ನೀ ಬೇಯಿಸು."

ಹದಿನಾಲ್ಕು ದಿನ ಹಾಗೇ ನಡೆಯಿತು. ಬೆಳಿಗ್ಗೆ ಇಬ್ಬರೂ ಬಂದು ಬಡಿದರು. ಸಂಜೆ ಶಾಲೆ ಬಿಟ್ಟ ಮೇಲೆ ಮತ್ತೆ ಬಂದರು. ರೊಟ್ಟಿ ಖಾನಾವಳಿಗೆ ಮುಟ್ಟಿತು. ಸಾವಂತ್ರಿ ಒಲೆಯಿಂದ ಎದ್ದು ಪಾಟಿಚೀಲ ತೆಗೆದುಕೊಂಡಳು.

ಒಂಬತ್ತನೆಯ ದಿನ ಜಯಶೀಲಾಳ ರೊಟ್ಟಿ ಒಂದು ಉಬ್ಬಿತು. ಅವಳು ಯಾರಿಗೂ ಹೇಳಲಿಲ್ಲ. ಆದರೆ ಈರವ್ವ ನೋಡಿದಳು.

ಶಾಲೆಗೇನೋ ಸಾವಂತ್ರಿ ಬಂದಳು. ಕಿಟಕಿಯ ಪಕ್ಕ ಕೂತಳು. ಕೇಳಿದ್ದಕ್ಕೆ ಉತ್ತರ ಹೇಳಿದಳು. ತಾನಾಗಿ ಏನನ್ನೂ ಕೇಳಲಿಲ್ಲ.

ಈರವ್ವನ ಕೈ ವಾಸಿಯಾದ ಮೇಲೆ ಒಂದು ಬೆಳಿಗ್ಗೆ ಜಯಶೀಲಾ ಪುಸ್ತಕ ಮುಚ್ಚಿಟ್ಟು ಮಕ್ಕಳ ಮುಂದೆ ನಿಂತಳು.

"ಆವತ್ತು ಸಾವಂತ್ರಿ ಒಂದು ಪ್ರಶ್ನಿ ಕೇಳಿದ್ಲು. ಪುಸ್ತಕದಾಗ ಇಲ್ಲ ಅಂದೆ. ಅದು ಖರೇನ. ಆದ್ರ ಕೇಳಬಾರದು ಅಂದೆ. ಅದು ತಪ್ಪು. ಉತ್ತರ ನನಗ ಗೊತ್ತಿರಲಿಲ್ಲ. ಅದನ್ನ ಹೇಳಾಕ ನನಗ ನಾಚಿಕಿ ಆಗಿತ್ತು."

ಮಕ್ಕಳು ಬೆರಗಾಗಿ ನೋಡಿದರು. ಅಕ್ಕೋರು ತಪ್ಪು ಒಪ್ಪಿಕೊಂಡದ್ದನ್ನು ಅವರು ನೋಡಿರಲಿಲ್ಲ.

"ಈಗೂ ಗೊತ್ತಿಲ್ಲ. ನಿಮಗೇನು ಅನಸ್ತದ? ಆ ಐದು ರೊಟ್ಟಿ ಬಡದಾಕಿ ಯಾರು?"



"ಅವನ ಅವ್ವ ಇರಬೇಕ್ರಿ," ಅಂತ ಹಿಂದಿನಿಂದ ಒಂದು ದನಿ.

"ಮುದುಕಿ ಆಯಿ ಇರಬೇಕ್ರಿ. ಅವ್ವ ಹೊಲಕ್ಕ ಹೋಗಿದ್ರ?"

"ಹುಡುಗ ತಾನ ಬಡಕೊಂಡಿರಬೇಕು."

"ಗಂಡಹುಡುಗರಿಗೆ ಬರೂದಿಲ್ಲೋ."

"ನನಗ ಬರತೈತಿ."

ಜಗಳವೇ ಹತ್ತಿತು. ಜಯಶೀಲಾ ಸುಮ್ಮನೆ ನಿಂತು ಕೇಳಿದಳು. ಗಲಾಟೆ ಪಡಸಾಲೆ ದಾಟಿ ಅಂಗಳದವರೆಗೆ ಹೋಯಿತು.

ಸಾವಂತ್ರಿ ಕಿಟಕಿಯ ಹೊರಗೆ ನೋಡುತ್ತಿದ್ದಳು. ಬೆರಳು ಬೆಂಚಿನ ಮೇಲೆ ಏನನ್ನೋ ಎಣಿಸುತ್ತಿತ್ತು.

ಆಮೇಲೆ ಅವಳು ಎದ್ದು ನಿಂತಳು. ಮಕ್ಕಳು ಒಬ್ಬೊಬ್ಬರಾಗಿ ಸುಮ್ಮನಾದರು.

"ಅಕ್ಕೋರ, ಕೇಳಲ್ರಿ?"

"ಕೇಳು."

"ಹನ್ನೆರಡು ಬುಟ್ಟಿ ಉಳದ್ವಲ್ರಿ. ಅದರಾಗ ಒಂದರ ಆ ರೊಟ್ಟಿ ಬಡದಾಕಿಗೆ ಮುಟ್ಟಿತೇನ್ರಿ?"

ಜಯಶೀಲಾ ಮೇಜಿನ ಅಂಚಿಗೆ ಒರಗಿದಳು.

"ಗೊತ್ತಿಲ್ಲ, ಸಾವಂತ್ರಿ," ಅಂದಳು. "ಮುಟ್ಟಿರಬೇಕೇನು?"

ಗಣಿತದ ಅವಧಿಯ ಗಂಟೆ ಹೊಡೆಯಿತು. ಮೂರನೇ ತರಗತಿಯಲ್ಲಿ ಅದು ಯಾರಿಗೂ ಕೇಳಿಸಲಿಲ್ಲ.

ಸಂಜೆ ಮಕ್ಕಳೆಲ್ಲ ಮನೆಗೆ ಹೋದರು. ರಾಹೇಲಮ್ಮ ಕೋಣೆಗಳ ಬಾಗಿಲು ಹಾಕುತ್ತಿದ್ದರು. ಜಯಶೀಲಾ ಅವರ ಹಿಂದೆಯೇ ನಡೆದಳು.

"ದೊಡ್ಡಕ್ಕೋರ, ಇವತ್ತ ಹನ್ನೊಂದು ಪ್ರಶ್ನಿ ಬಂದ್ವು. ಏಳಕ್ಕ ನನಗ ಉತ್ತರ ಇರಲಿಲ್ಲ."

"ಹಂ."

"ದಿನಾ ಹಿಂಗ ಗೊತ್ತಿಲ್ಲ, ಗೊತ್ತಿಲ್ಲ ಅಂತ ನಿಂತ್ರ ನಾ ಎಂಥ ಅಕ್ಕೋರ್ರಿ? ನೀವು ಇಷ್ಟು ವರ್ಷ ಹೆಂಗ ಕಲಿಸಿದ್ರಿ?"

ರಾಹೇಲಮ್ಮ ಕೊನೆಯ ಬಾಗಿಲಿನ ಅಗುಳಿ ಹಾಕಿದರು. 

"ನಾ ಎಲ್ಲಾದಕ್ಕೂ ಉತ್ತರ ಹೇಳತಿದ್ದೆ, ಜಯಶೀಲಾ. ಮೂವತ್ತಾರು ವರ್ಷದಾಗ ಒಂದು ಕೂಸೂ ನನ್ನ ಎರಡನೇ ಪ್ರಶ್ನಿ ಕೇಳಲಿಲ್ಲ."