ಹಿಮಗುಡ್ಡದ ಕಾಲು

ಧ್ರುವದ ಸಮೀಪದ ಕಡಲಲ್ಲಿ ಒಂದು ಪುಟ್ಟ ದೋಣಿ. ಅದರಲ್ಲಿ ಇಬ್ಬರು. ಕಡಲಿನ ಹರಿವುಗಳ ಅಭ್ಯಾಸದಲ್ಲೇ ಕೂದಲು ನರೆಸಿಕೊಂಡಿದ್ದ ಪಾಂಡುರಂಗ ಹರಿಕಂತ್ರರು, ಮತ್ತು ಅವರ ಶಿಷ್ಯ ಸುಧನ್ವ.

ಆಳದ ನೀರಿನ ಬಿಸಿ ಅಳೆಯಲೆಂದು ಹಡಗಿನಿಂದ ಇಳಿದು ಬಂದಿದ್ದರು. ಅಷ್ಟರಲ್ಲಿ ಮಂಜು ಕವಿಯಿತು. ಎಂಜಿನ್ ಕೆಟ್ಟು ನಿಂತಿತು.

ಗಾಳಿ ದಕ್ಷಿಣದಿಂದ ಬೀಸುತ್ತಿತ್ತು. ತೆಳು ಹಿಮದ ಹಲಗೆಗಳು ದೋಣಿಯನ್ನು ಸುತ್ತುಗಟ್ಟಿ ಉತ್ತರಕ್ಕೆ ತಳ್ಳಿಕೊಂಡು ಹೊರಟವು. ಉತ್ತರದಲ್ಲಿ ಹಿಮ ಒತ್ತೊತ್ತಾಗಿ ನಿಂತಿತ್ತು. ಅದರ ನಡುವೆ ಸಿಕ್ಕರೆ ದೋಣಿ ಹಪ್ಪಳ. ಹಡಗು ಇದ್ದದ್ದು ದಕ್ಷಿಣಕ್ಕೆ.

ಸುಧನ್ವ ಹುಟ್ಟು ಹಾಕಿದ. ಹಾಕಿದಷ್ಟೂ ಹಿಂದಕ್ಕೇ ಹೋಗುತ್ತಿದ್ದರು. ಅಂಗೈಯ ಬೊಬ್ಬೆ ಒಡೆದು ನೆತ್ತರು ಬಂತು. ಆದರೂ ಬಿಡಲಿಲ್ಲ.

ಆಗ ಮಂಜಿನೊಳಗಿಂದ ಒಂದು ಹಿಮದ ಗುಡ್ಡ ತಲೆ ತೋರಿತು. ಹಲಗೆಗಳನ್ನು ಸೀಳಿಕೊಂಡು, ಗಾಳಿಗೆ ಎದುರಾಗಿ ಬರುತ್ತಿತ್ತು.

ಸುಧನ್ವ ಬೆದರಿ ದೋಣಿಯನ್ನು ಅದರಿಂದ ದೂರಕ್ಕೆ ತಿರುಗಿಸಲು ಹೋದ. ಗುರುಗಳು ಹುಟ್ಟನ್ನು ಹಿಡಿದರು.

"ಅದರ ಹತ್ತಿರ ನಡೆಸು."

"ಅದು ಮಗುಚಿದರೆ ನಾವು ಅಡಿಗೆ ಹೋಗುತ್ತೇವೆ, ಗುರುಗಳೇ."

"ಹೌದು. ಗಾಳಿಗೆ ಎದುರಾಗಿ ಅದನ್ನು ಒಯ್ಯುತ್ತಿರುವುದು ಯಾವುದು?"

ಉತ್ತರವನ್ನೂ ಗುರುಗಳೇ ಹೇಳಿದರು. ದೂರದ ಬೆಚ್ಚನೆಯ ಕಡಲಿನಿಂದ ಬರುವ ನೀರಿಗೆ ಉಪ್ಪು ಜಾಸ್ತಿ, ಉಪ್ಪಿನಿಂದ ತೂಕ ಜಾಸ್ತಿ. ಇಲ್ಲಿಗೆ ಬಂದು ತಣ್ಣೀರಿನ ಅಡಿ ಸೇರುತ್ತದೆ. ಒಂದು ಪಾಲು ಧ್ರುವದ ಕಡೆಗೆ ಮುಂದುವರಿಯುತ್ತದೆ. ಇನ್ನೊಂದು ಪಾಲು ನಡುದಾರಿಯಲ್ಲೇ ಹೊರಳಿ, ಅಡಿಯಲ್ಲೇ ದಕ್ಷಿಣಕ್ಕೆ ಮರಳುತ್ತದೆ. ಹಲಗೆಗಳು ಗಾಳಿಯ ಮಾತು ಕೇಳುತ್ತವೆ. ಗುಡ್ಡದ ಕಾಲು ಆಳದಲ್ಲಿದೆ, ಅದು ಆ ಮರಳುವ ನೀರಿನ ಮಾತು ಕೇಳುತ್ತದೆ.

"ಆ ನೀರು ಹೊರಳುವುದು ಇಲ್ಲೇ ಎಂದು ಹೇಗೆ ನಂಬಲಿ?"

"ಗುಡ್ಡವನ್ನು ಕೇಳು."

ಸುಧನ್ವ ಹಲ್ಲು ಕಚ್ಚಿ ದೋಣಿಯನ್ನು ಗುಡ್ಡದ ಬದಿಗೆ ತಂದ. ಗುರುಗಳು ಹಗ್ಗಕ್ಕೆ ಕುಣಿಕೆ ಹಾಕಿ, ಕೊಂಬಿನಂತೆ ಚಾಚಿದ್ದ ಹಿಮಕ್ಕೆ ಎಸೆದರು. ಎರಡು ಸಲ ಜಾರಿತು. ಆಮೇಲೆ ಹಿಡಿಯಿತು.

ಹಗ್ಗ ಬಿಗಿಯಿತು. ದೋಣಿ ಒಮ್ಮೆ ನಡುಗಿ, ಗುಡ್ಡದ ಹಿಂದೆ ದಕ್ಷಿಣಕ್ಕೆ ಸಾಗಿತು.

ಗುಡ್ಡದ ಒಳಗಿಂದ ಲಟಲಟ ಸದ್ದು. ದೊಡ್ಡದೊಂದು ಚೂರು ಕಳಚಿ ನೀರಿಗೆ ಬಿತ್ತು. ಅಲೆ ಎದ್ದು ದೋಣಿ ಅರ್ಧ ತುಂಬಿತು. ಸುಧನ್ವ ನೀರು ಮೊಗೆದು ಚೆಲ್ಲಿದ, ಮತ್ತೆ ಮೊಗೆದ. ತಲೆ ಎತ್ತಿ ನೋಡಲು ಧೈರ್ಯವಾಗಲಿಲ್ಲ. ಗುರುಗಳು ಮುಂದಿನ ತುದಿಯಲ್ಲಿ ಅವನಿಗೆ ಬೆನ್ನು ಮಾಡಿ ಕುಳಿತವರು ಅಲುಗಲಿಲ್ಲ.

ಎಷ್ಟೋ ಹೊತ್ತಿನ ಮೇಲೆ ಮಂಜು ತೆಳುವಾಯಿತು. ಹಡಗಿನ ಕೂಗು ಕೇಳಿಸಿತು.

ಹಡಗಿನಲ್ಲಿ ಬಿಸಿ ಚಹಾ ಕೊಟ್ಟರು. ಗುರುಗಳ ಬೆರಳುಗಳು ಸೆಟೆದು ಮುಚ್ಚಿಕೊಂಡಿದ್ದವು, ಲೋಟ ಹಿಡಿಯಲಾಗಲಿಲ್ಲ. ಸುಧನ್ವ ಆ ಕೈಗಳನ್ನು ತನ್ನ ಕೈಗಳಲ್ಲಿಟ್ಟು ಮೆಲ್ಲಗೆ ಕಾಯಿಸಿದ.

"ಗುರುಗಳೇ, ಆ ಗುಡ್ಡದ ಮೇಲೆ ನಿಮಗೆ ಅಷ್ಟು ನಂಬಿಕೆ ಇತ್ತೇ?"

"ಇತ್ತಪ್ಪ, ಅದಕ್ಕೇ ಹಗ್ಗ ಎಸೆದೆ. ಆದರೆ ಈ ತುದಿಯನ್ನು ದೋಣಿಗೆ ಕಟ್ಟಲಿಲ್ಲ, ಗುಡ್ಡ ಮಗುಚಿದರೆ ಬಿಡಲೆಂದು ಕೈಯಲ್ಲೇ ಹಿಡಿದಿದ್ದೆ."